ಆ ಕುಸಿತವನ್ನು ಹಿಡಿಯುವ ಕಣ್ಣು ನಿಮ್ಮದಾಗಲಿ

ಯುವಮಿತ್ರರೇ, ಬೇರೆ ಸೂರ್ಯರಿಗೂ ಗ್ರಹಗಳಿವೆಯೇ ಎಂದು ಲೆಕ್ಕ ಹಾಕಿ ಹುಡುಕಿದ ಮೊದಲಿಗರಲ್ಲಿ ಒಬ್ಬರು ನಮ್ಮ ನೆರೆಯ ಮದ್ರಾಸಿನಲ್ಲೇ ಇದ್ದರು, ಗೊತ್ತೇ? 1855ರಲ್ಲಿ ಅಲ್ಲಿನ ವೀಕ್ಷಣಾಲಯದ ಕ್ಯಾಪ್ಟನ್ ಜೇಕಬ್, ಉರಗಧರ ನಕ್ಷತ್ರಪುಂಜದ ಒಂದು ಜೋಡಿ ನಕ್ಷತ್ರದ ಚಲನೆಯಲ್ಲಿ ಏರುಪೇರು ಕಂಡು, ಅಲ್ಲೊಂದು ಗ್ರಹವಿರಬೇಕೆಂದು ಬರೆದರು. ಆ ಲೆಕ್ಕ ಮುಂದೆ ಸರಿಯೆಂದು ನಿಲ್ಲಲಿಲ್ಲ. ಪ್ರಶ್ನೆ ಉಳಿಯಿತು. ಆ ವೀಕ್ಷಣಾಲಯದ ಪರಂಪರೆ ಕೊಡೈಕೆನಾಲ್ ಬೆಟ್ಟ ಹತ್ತಿ, ಅಲ್ಲಿಂದ ಬೆಂಗಳೂರಿನ ಕೋರಮಂಗಲಕ್ಕೆ ಇಳಿದು ಬಂದು, ಇಂದು ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಾಗಿ ನಮ್ಮ ನಡುವೆಯೇ ಇದೆ. ಹಾಗಾದರೆ ಆ ಪ್ರಶ್ನೆಗೆ ವಾರಸುದಾರರು ಯಾರು? ನಾವೇ. ನೀವೇ.

ಉತ್ತರ ಬರಲು 140 ವರ್ಷ ಹಿಡಿಯಿತು. 1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ, ಸೂರ್ಯನಂಥದೇ ನಕ್ಷತ್ರವಾದ 51 ಪೆಗಾಸಿಯನ್ನು ನಾಲ್ಕು ದಿನಕ್ಕೆ ತುಸು ಹೆಚ್ಚಿನ ಅವಧಿಯಲ್ಲೇ ಸುತ್ತಿಬರುವ ದೈತ್ಯ ಗ್ರಹವೊಂದನ್ನು ಪತ್ತೆಹಚ್ಚಿದರು. 2019ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಗಮನಿಸಿ, ಆ ಶೋಧದ ಹೊತ್ತಿಗೆ ಕೆಲೋ ಇನ್ನೂ ಮೇಯರ್ ಅವರ ವಿದ್ಯಾರ್ಥಿ! ಹೀಗೆ ಬೇರೆ ನಕ್ಷತ್ರಗಳನ್ನು ಸುತ್ತುವ ಹೊರಗ್ರಹಗಳ ಎಣಿಕೆ ಇಂದು 6,000 ದಾಟಿದೆ. ಆದರೂ ನಮ್ಮ ಭೂಮಿಯಷ್ಟೇ ದೊಡ್ಡದಾಗಿ, ಸೂರ್ಯನಂಥ ನಕ್ಷತ್ರವನ್ನು ವರ್ಷಕ್ಕೊಮ್ಮೆ ಸುತ್ತುತ್ತ, ಮೈಮೇಲೆ ನೀರು ಹೊತ್ತು ನಿಂತ ಅವಳಿ ಇನ್ನೂ ಸಿಕ್ಕಿಲ್ಲ. ಅದು ಯಾರ ದಾರಿ ಕಾಯುತ್ತಿದೆ?

ಹೊರಗ್ರಹವನ್ನು ನೇರವಾಗಿ ಕಾಣುವುದು ಬಲು ಅಪರೂಪ. ಅದರ ಸುಳಿವು ಹೆಚ್ಚಾಗಿ ಸಿಗುವುದು ಅದರ ನಕ್ಷತ್ರದಲ್ಲೇ. ಸುತ್ತುವ ಗ್ರಹ ತನ್ನ ನಕ್ಷತ್ರವನ್ನು ಕೊಂಚ ಅಲುಗಿಸುತ್ತದೆ. ಮುಂದೆ ಹಾದಾಗ ಅದರ ಬೆಳಕನ್ನು ಕೊಂಚ ಕುಂದಿಸುತ್ತದೆ. ಈ ‘ಕೊಂಚ’ ಎಷ್ಟು? ದೂರದಲ್ಲಿ ಯಾರೋ ನಮ್ಮ ಸೂರ್ಯನನ್ನು ನೋಡುತ್ತಿದ್ದರೆ, ಭೂಮಿ ಅಡ್ಡ ಬಂದಾಗ ಅವರಿಗೆ ಕಾಣುವ ಕುಸಿತ, ಹತ್ತು ಸಾವಿರ ರೂಪಾಯಿಯ ಜಮಾಖರ್ಚಿನಲ್ಲಿ ಒಂದು ರೂಪಾಯಿ ತಾಳೆಯಾಗದಷ್ಟೂ ಇಲ್ಲ. ಆ ಒಂದು ರೂಪಾಯಿಗಾಗಿ ರಾತ್ರಿಯಿಡೀ ಲೆಕ್ಕ ತಿರುವಿಹಾಕುವ ಹಟ ನಮ್ಮಲ್ಲಿಲ್ಲವೇ?

ಇದೆ! 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಬಳಿ ಸಾಗುವುದಿತ್ತು. ತಮಿಳುನಾಡಿನ ಕಾವಲೂರಿನಲ್ಲಿ ನಮ್ಮ ವಿಜ್ಞಾನಿಗಳು ಒಂದು ಮೀಟರ್ ದೂರದರ್ಶಕವನ್ನು ಆ ನಕ್ಷತ್ರಕ್ಕೇ ಗುರಿಯಿಟ್ಟು ಕಾದರು. ಗ್ರಹ ಹತ್ತಿರ ಬರುವ ಮೊದಲೇ ಬೆಳಕು ಕುಂದಿತು. ಅದು ಯುರೇನಸ್‌ನ ಉಂಗುರದ ಗುರುತು! 2018ರಲ್ಲಿ ಮೌಂಟ್ ಅಬುವಿನಿಂದ, ನಕ್ಷತ್ರದ ಅಲುಗಾಟವನ್ನು ಅಳೆಯಲು ನಮ್ಮವರೇ ಕಟ್ಟಿದ ‘ಪರಸ್’ ರೋಹಿತಮಾಪಕದ ನೆರವಿನಿಂದ, ಸುಮಾರು 600 ಜ್ಯೋತಿರ್ವರ್ಷ ದೂರದ, ಭೂಮಿಯ 27 ಪಟ್ಟು ತೂಕದ ಗ್ರಹವೊಂದನ್ನು ತೂಗಿ ತೋರಿಸಿದರು. ಇನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಗೆ ಬನ್ನಿ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದ ಕೊರೆಯುವ ಚಳಿಯಲ್ಲಿ ನಿಂತ ದೂರದರ್ಶಕವನ್ನು ಈ ಹೊಸಕೋಟೆಯ ಕೋಣೆಯಿಂದಲೇ, ಉಪಗ್ರಹದ ಮೂಲಕ, ನಕ್ಷತ್ರದಿಂದ ನಕ್ಷತ್ರಕ್ಕೆ ತಿರುಗಿಸುತ್ತಾರೆ. ರಾಗಿ ಹೊಲದ ಸೀಮೆಯಿಂದ ಹಿಮಾಲಯದ ಆಕಾಶಕ್ಕೆ ದಾರಿ ಆಗಿದೆ. ನಡೆಯುವವರು ಬೇಕು.

‘ನಾವಿನ್ನೂ ಚಿಕ್ಕವರು’ ಎನ್ನುತ್ತೀರಾ? 2019ರಲ್ಲಿ ನಾಸಾದ ಗಾಡರ್ಡ್ ಕೇಂದ್ರಕ್ಕೆ ಇಂಟರ್ನ್‌ಶಿಪ್‌ಗೆ ಬಂದ 17 ವರ್ಷದ ಶಾಲಾ ಹುಡುಗ, ಮೂರನೇ ದಿನವೇ, ಎರಡು ಸೂರ್ಯರನ್ನು ಸುತ್ತುವ ಗ್ರಹದ ಸುಳಿವನ್ನು ‘ಟೆಸ್’ ಬಾಹ್ಯಾಕಾಶ ದೂರದರ್ಶಕದ ದತ್ತಾಂಶದಲ್ಲಿ ಕಂಡ. ಅದೇ ವರ್ಷ, ಒಂದು ಹೊರಗ್ರಹಕ್ಕೆ ಹೆಸರಿಡುವ ಅವಕಾಶ ಭಾರತಕ್ಕೆ ಸಿಕ್ಕಾಗ, ‘ಸಂತಮಸ’ ಎಂಬ ಹೆಸರು ಸೂಚಿಸಿದ್ದು ಪುಣೆಯ 13 ವರ್ಷದ ವಿದ್ಯಾರ್ಥಿ. ಅದರ ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ ‘ಬಿಭಾ’ ಎಂದು ಹೆಸರಾಯಿತು. ಹೆಸರಿಟ್ಟದ್ದಾಯಿತು. ಇನ್ನು ನಾವೇ ಕಂಡುಹಿಡಿಯುವ ಸರದಿ.

‘ಟೆಸ್’ ಕಳಿಸಿದ ದತ್ತಾಂಶ ಯಾವ ಬೀಗದ ಹಿಂದೆಯೂ ಇಲ್ಲ. ಬಳ್ಳಾರಿಯ ಹುಡುಗಿಗೂ ಬೀದರಿನ ಹುಡುಗನಿಗೂ ಅದು ಬಿಟ್ಟಿಯಾಗಿ ತೆರೆದಿದೆ. ‘ಪ್ಲಾನೆಟ್ ಹಂಟರ್ಸ್ ಟೆಸ್’ ಯೋಜನೆಯಲ್ಲಿ ಯಾರು ಬೇಕಾದರೂ ನಕ್ಷತ್ರದ ಬೆಳಕಿನ ಏರಿಳಿತದ ನಕ್ಷೆ ನೋಡಿ, ಕುಸಿತ ಕಂಡಲ್ಲಿ ಗುರುತು ಹಾಕಬಹುದು. ಪದವಿ ಕೇಳುವುದಿಲ್ಲ, ಊರು ಕೇಳುವುದಿಲ್ಲ, ತಾಳ್ಮೆ ಕೇಳುತ್ತದೆ. ಆ ತಾಳ್ಮೆ ನಿಮ್ಮಲ್ಲಿ ಎಷ್ಟಿದೆಯೆಂದು ನೀವಾದರೂ ಎಂದು ಅಳೆದು ನೋಡಿದ್ದೀರಿ?

ಗಣಿತವನ್ನು ಪರೀಕ್ಷೆಯ ಮರುದಿನ ಮರೆಯಬೇಡಿ. ಪ್ರೋಗ್ರಾಮಿಂಗ್ ಕಲಿಯಿರಿ, ಗಾಜು ಉಜ್ಜುವುದನ್ನೂ ಕಲಿಯಿರಿ. ದೂರದರ್ಶಕಕ್ಕೆ ಎರಡೂ ಬೇಕು. ಕಲಿತದ್ದನ್ನು ನಿಮ್ಮೂರಿನ ಶಾಲೆಯ ಮಕ್ಕಳಿಗೆ ಕನ್ನಡದಲ್ಲೇ ಹೇಳಿ, ಏಕೆಂದರೆ ಈ ನೆಲ ನಮಗೆ ಅನ್ನ ಕೊಟ್ಟಿದೆ, ಅಕ್ಷರ ಕೊಟ್ಟಿದೆ, ತಲೆಯೆತ್ತಿ ನೋಡಲು ಆಕಾಶ ಕೊಟ್ಟಿದೆ; ಆ ಋಣ ತೀರುವುದು ನಾವು ಕಂಡದ್ದನ್ನು ನಮ್ಮವರಿಗೂ ಕಾಣಿಸಿದಾಗಲೇ.

ಹತ್ತು ನಕ್ಷೆಗಳಲ್ಲಿ ಏನೂ ಸಿಗದಿರಬಹುದು. ನೂರರಲ್ಲೂ ಸಿಗದಿರಬಹುದು. ನೂರಾ ಒಂದನೆಯದನ್ನು ತೆರೆಯಿರಿ. ಇಂದೇ ಶುರುಮಾಡಿ.