ವಲಸೆಯ ಶಾಸನವೂ ಮಕ್ಕಳ ವಿದ್ಯಾಭ್ಯಾಸವೂ



ಈ ದತ್ತಿಯನ್ನು ಸ್ಥಾಪಿಸಿದ ಮಹನೀಯರು ಉಪನ್ಯಾಸದ ವಸ್ತುವನ್ನು ಉಪನ್ಯಾಸಕನ ವಿವೇಚನೆಗೇ ಬಿಟ್ಟಿರುವುದರಿಂದ, ಇಂಥ ವೇದಿಕೆಗಳಿಗೆ ವಾಡಿಕೆಯಾದ ಸಾಹಿತ್ಯವಿಷಯಗಳನ್ನು ಬದಿಗಿರಿಸಿ, ಈ ಸಭೆಯಲ್ಲಿರುವ ಅನೇಕ ತಾಯಿತಂದೆಯರು ಮಕ್ಕಳು ಮಲಗಿದ ಬಳಿಕ ಮಾತ್ರ ತಮ್ಮತಮ್ಮಲ್ಲಿ ಆಡಿಕೊಳ್ಳುವ ಒಂದು ಸಂಗತಿಯನ್ನು ಇಂದು ಎತ್ತಿಕೊಂಡಿದ್ದೇನೆ. ವಲಸೆಯನ್ನು ಕುರಿತು ಒಂದು ರಾಷ್ಟ್ರವು ಮಾಡುವ ಶಾಸನವು, ಅದೇ ರಾಷ್ಟ್ರದ ಶಾಲೆಯಲ್ಲಿ ಕುಳಿತ ಮಗುವಿನ ವಿದ್ಯೆಯನ್ನೂ ಧೃತಿಯನ್ನೂ ಹೇಗೆ ರೂಪಿಸುತ್ತದೆ ಎಂಬುದೇ ಆ ಸಂಗತಿ.

ಅಮೆರಿಕದ ನ್ಯೂಜೆರ್ಸಿಯ ಈ ಸಮರ್‌ಸೆಟ್ಟಿನಿಂದ ರಾರಿಟನ್ ನದಿಯನ್ನು ದಾಟಿ ಸ್ವಲ್ಪ ದೂರ ಹೋದರೆ, ಒಂದು ಕಾಲಕ್ಕೆ ಕ್ಯಾಂಪ್ ಕಿಲ್ಮರ್ ಎಂಬ ಸೈನಿಕ ಶಿಬಿರವಿದ್ದ ನೆಲ ಸಿಗುತ್ತದೆ. 1956ರಲ್ಲಿ ಹಂಗರಿಯ ಜನಕ್ರಾಂತಿಯನ್ನು ಸೋವಿಯತ್ ಸೈನ್ಯವು ತುಳಿದುಹಾಕಿದಾಗ ತಾಯ್ನಾಡನ್ನು ತೊರೆದು ಬಂದ ಸುಮಾರು 30,000 ನಿರಾಶ್ರಿತರು ಆ ಶಿಬಿರದ ಮೂಲಕವೇ ಈ ದೇಶವನ್ನು ಹೊಕ್ಕರು. ಅವರಲ್ಲಿ ಬಹುಮಂದಿಗೆ ಇದ್ದದ್ದು ಪೆರೋಲ್ ಎಂಬ ತಾತ್ಕಾಲಿಕ ಅನುಮತಿಯಷ್ಟೆ. ಆದರೆ 1958ರ ಜುಲೈ ತಿಂಗಳಿನಲ್ಲಿ ಈ ದೇಶದ ಸಂಸತ್ತಾದ ಕಾಂಗ್ರೆಸ್ಸು ಒಂದು ಶಾಸನವನ್ನು ಮಾಡಿ, ಎರಡು ವರ್ಷ ಇಲ್ಲಿ ನೆಲಸಿದವರಿಗೆ ಶಾಶ್ವತ ನಿವಾಸದ ಹಕ್ಕನ್ನು ಪಡೆಯುವ ದಾರಿಯನ್ನು ತೆರೆಯಿತು. ಆ ಮಕ್ಕಳಿಗೆ ಭಾಷೆ ಹೊಸದು, ಆಹಾರ ಹೊಸದು, ಕಣ್ಣಾರೆ ಕಂಡ ಗುಂಡಿನ ನೆನಪು ಹಳೆಯದಾಗಿರಲಿಲ್ಲ. ಅವರ ಎದೆಗಾರಿಕೆ ಅಲ್ಪವೆಂದು ಯಾರೂ ಹೇಳಲಾರರು. ಆದರೂ ಆ ಎದೆಗಾರಿಕೆಗೆ ಆಧಾರವಾಗಿ, ನಾಳೆಯೂ ನೀನು ಇಲ್ಲಿರಬಹುದು ಎಂದು ಪ್ರಭುತ್ವವು ತಡಮಾಡದೆ ಆಡಿದ ಮಾತೊಂದಿತ್ತು ಎಂಬುದನ್ನು ನಾವು ಮರೆಯತಕ್ಕದ್ದಲ್ಲ.

ಶಾಲೆಯ ಬಾಗಿಲಿನ ಮಟ್ಟಿಗೆ ಅಂಥ ಮಾತನ್ನು ಈ ದೇಶದ ಸರ್ವೋಚ್ಚ ನ್ಯಾಯಾಲಯವೂ ಆಡಿದೆ. ಅನುಮತಿಯಿಲ್ಲದೆ ಬಂದವರ ಮಕ್ಕಳಿಗೆ ಉಚಿತ ಶಿಕ್ಷಣವನ್ನು ನಿರಾಕರಿಸಲು ಟೆಕ್ಸಾಸ್ ಸಂಸ್ಥಾನವು 1975ರಲ್ಲಿ ಕಾನೂನು ಮಾಡಿತ್ತು. ಟೈಲರ್ ಪಟ್ಟಣದ ಶಾಲೆಗಳು ಅಂಥ ಮಗುವಿಗೆ ವರ್ಷಕ್ಕೆ 1,000 ಡಾಲರ್ ಶುಲ್ಕವನ್ನು ಗೊತ್ತುಮಾಡಿದವು. 1982ರ ಜೂನ್ 15ರಂದು ಪ್ಲೈಲರ್ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳು ಒಂದು ಪಕ್ಷವಾಗಿಯೂ ನಾಲ್ವರು ಇನ್ನೊಂದು ಪಕ್ಷವಾಗಿಯೂ ನಿಂತು, ತಾನು ಮಾಡದ ತಪ್ಪಿಗಾಗಿ ಮಗುವನ್ನು ಅಕ್ಷರದಿಂದ ದೂರವಿಡಲಾಗದೆಂಬ ತೀರ್ಪು ಹೊರಬಿತ್ತು. ಫ್ರಾಂಕ್ಲಿನ್ ಟೌನ್‌ಷಿಪ್ಪಿನ ನಮ್ಮ ಶಾಲೆಗಳಲ್ಲಿಯೂ, ನೆರೆಯ ನ್ಯೂ ಬ್ರನ್ಸ್‌ವಿಕ್ಕಿನಲ್ಲಿಯೂ ಸ್ಪ್ಯಾನಿಷ್ ಮಾತನಾಡುವ ಎಷ್ಟೋ ಮಕ್ಕಳು ಇಂದು ಓದುತ್ತಿರುವುದು ಈ ತೀರ್ಪಿನ ರಕ್ಷಣೆಯಲ್ಲಿಯೇ.

ಆ ತೀರ್ಪು ಪ್ರೌಢಶಾಲೆಯ ಕೊನೆಯ ಗಂಟೆಯವರೆಗೆ ಮಾತ್ರ ಮಗುವನ್ನು ಕಾಯುತ್ತದೆ. ಅನಂತರದ ಹಾದಿಯಲ್ಲಿ ನಮ್ಮ ಕನ್ನಡ ಮಕ್ಕಳ ಕಷ್ಟವೂ ಕಾಣಿಸಿಕೊಳ್ಳುತ್ತದೆ. ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬಂದ ತಂದೆಯ ಅಥವಾ ತಾಯಿಯ ಜೊತೆಯಲ್ಲಿ, ಐದಾರು ವರ್ಷದ ಪ್ರಾಯದಲ್ಲಿ ಎಚ್-4 ಎಂಬ ಅವಲಂಬಿತ ವೀಸಾದಲ್ಲಿ ಬಂದ ಮಗುವು ಯಾವ ನಿಯಮವನ್ನೂ ಮುರಿದಿಲ್ಲ. ಆದರೆ ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸಲ್ಲುವ ಸುಮಾರು 1,40,000 ಗ್ರೀನ್ ಕಾರ್ಡುಗಳಲ್ಲಿ, ಅಂದರೆ ಶಾಶ್ವತ ನಿವಾಸದ ಹಕ್ಕುಪತ್ರಗಳಲ್ಲಿ, ಯಾವ ಒಂದು ದೇಶದವರಿಗೂ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ದೊರೆಯಕೂಡದೆಂದು 1990ರ ಶಾಸನವು ವಿಧಿಸಿರುವುದರಿಂದ ಭಾರತೀಯರ ಸರದಿ ಬೆಳೆಯುತ್ತಲೇ ಹೋಗಿದೆ. ಯಾವ ದಿನಾಂಕದ ಅರ್ಜಿಗೆ ಸರದಿ ಬಂತೆಂದು ಸಾರುವ ವೀಸಾ ಬುಲೆಟಿನ್ನಿನಲ್ಲಿ 2025ರ ಶರತ್ಕಾಲದಲ್ಲಿಯೂ ನಮ್ಮವರಲ್ಲಿ ಹೆಚ್ಚಿನವರು ಸೇರುವ ವರ್ಗಗಳ ದಿನಾಂಕವು 2013ರಲ್ಲಿಯೇ ನಿಂತಿತ್ತು. ಸರದಿ ಬರುವ ಮುನ್ನ ಮಗುವಿಗೆ 21 ವರ್ಷ ತುಂಬಿದರೆ ಅವಲಂಬನೆಯ ಹಕ್ಕು ಕಳಚಿಬೀಳುತ್ತದೆ. ಇದನ್ನೇ ನಮ್ಮ ಮನೆಗಳಲ್ಲಿ ಏಜ್ ಔಟ್ ಎನ್ನುತ್ತಾರೆ. 2002ರ ಮಕ್ಕಳ ಸ್ಥಾನಮಾನ ರಕ್ಷಣಾಶಾಸನವು ಅರ್ಜಿಯ ಪರಿಶೀಲನೆಗೆ ಹಿಡಿದ ಕಾಲವನ್ನು ವಯಸ್ಸಿನಿಂದ ಕಳೆಯುತ್ತದೆಯೇ ಹೊರತು ಸರದಿಯಲ್ಲಿ ನಿಂತ ಕಾಲವನ್ನು ಕಳೆಯುವುದಿಲ್ಲ. ಮತ್ತೂ ವಿಷಾದಕರವಾದದ್ದೆಂದರೆ, ಈ ವಯಸ್ಸನ್ನು ಎಣಿಸುವ ಕ್ರಮವನ್ನೇ 2023ರ ಫೆಬ್ರವರಿಯಲ್ಲಿ ಮಕ್ಕಳಿಗೆ ಅನುಕೂಲವಾಗುವಂತೆ ಬದಲಾಯಿಸಿದ ವಲಸೆ ಇಲಾಖೆಯು, 2025ರ ಆಗಸ್ಟ್ 15ರಿಂದ ಹೊಸ ಅರ್ಜಿಗಳಿಗೆ ಆ ಅನುಕೂಲವನ್ನು ಹಿಂತೆಗೆದುಕೊಂಡಿತು.

ಇದರ ಪರಿಣಾಮವು ಇಪ್ಪತ್ತೊಂದನೆಯ ಹುಟ್ಟುಹಬ್ಬದಂದು ತಟ್ಟನೆ ಬಂದೆರಗುವುದಲ್ಲ. ಅದು ಐದಾರು ವರ್ಷ ಮುಂಚೆಯೇ ಓದಿನ ಮೇಜಿನ ಮೇಲೆ ಬಂದು ಕೂರುತ್ತದೆ. ಹದಿನಾರರ ಬೇಸಗೆಯಲ್ಲಿ ಸಹಪಾಠಿಗಳು ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಸಣ್ಣ ಕೆಲಸಕ್ಕೆ ಸೇರಿದಾಗ ಈ ಮಗು ಸೇರುವಂತಿಲ್ಲ; 2015ರಲ್ಲಿ ಎಚ್-4 ವೀಸಾ ಉಳ್ಳ ಪತ್ನಿ ಅಥವಾ ಪತಿಯರಲ್ಲಿ ಕೆಲವರಿಗೆ ದೊರೆತ ದುಡಿಮೆಯ ಅನುಮತಿ ಮಕ್ಕಳಿಗೆ ದೊರೆಯಲಿಲ್ಲ. ಹದಿನೇಳರಲ್ಲಿ ಕಾಲೇಜಿನ ಅರ್ಜಿ ತುಂಬುವಾಗ ಕೇಂದ್ರ ಸರ್ಕಾರದ ಧನಸಹಾಯಕ್ಕೆ ತಾನು ಅರ್ಹನಲ್ಲವೆಂಬುದು ತಿಳಿಯುತ್ತದೆ. ದಾಖಲೆಯಿಲ್ಲದ ವಿದ್ಯಾರ್ಥಿಗಳಿಗೆ ಸ್ಥಳೀಯರ ಶುಲ್ಕವನ್ನೇ ವಿಧಿಸಬೇಕೆಂದು ನ್ಯೂಜೆರ್ಸಿಯು 2013ರಲ್ಲಿ ಮಾಡಿದ ಉದಾರವಾದ ಶಾಸನವು ಕೂಡ, ತನ್ನ ಮೂಲರೂಪದಲ್ಲಿ, ತಾತ್ಕಾಲಿಕ ವೀಸಾ ಉಳ್ಳವರನ್ನು ಹೆಸರಿಸಿಯೇ ಹೊರಗಿಟ್ಟಿತ್ತು. ಬಾಲ್ಯದಲ್ಲಿ ಬಂದ ದಾಖಲೆಯಿಲ್ಲದವರನ್ನು ಗಡೀಪಾರಿನಿಂದ ತಾತ್ಕಾಲಿಕವಾಗಿ ಕಾಯುವ, ಡಾಕಾ ಎಂಬ 2012ರ ರಕ್ಷಣೆಯೂ ಕ್ರಮಬದ್ಧ ವೀಸಾ ಇದ್ದವರಿಗೆ ಸಲ್ಲಲಿಲ್ಲ. ಕೊನೆಗೆ ಉಳಿಯುವುದು ಎಫ್-1 ವಿದ್ಯಾರ್ಥಿ ವೀಸಾ. ಅದನ್ನು ಬೇಡುವವನು ತನಗೆ ಪರದೇಶದಲ್ಲಿ ಮನೆಯುಂಟೆಂದೂ ಓದು ಮುಗಿದೊಡನೆ ಅಲ್ಲಿಗೆ ಮರಳುವೆನೆಂದೂ ತೋರಿಸಿಕೊಡಬೇಕು. ಎಲಿಜಬೆತ್ ಅವೆನ್ಯೂವಿನ ಫ್ರಾಂಕ್ಲಿನ್ ಪ್ರೌಢಶಾಲೆಯ ದಾರಿಯನ್ನಲ್ಲದೆ ಬೇರೊಂದು ಊರಿನ ದಾರಿಯನ್ನು ಸರಿಯಾಗಿ ಅರಿಯದ ಮಗುವಿನಿಂದ ಇಂಥ ಪ್ರಮಾಣವನ್ನು ಪಡೆಯುವುದು ನನ್ನ ಬುದ್ಧಿಗೆ ನ್ಯಾಯವೆಂದು ತೋರುವುದಿಲ್ಲ.

ಇಂಥ ಮಗುವು ಸುಮ್ಮನೆ ಓದಿ, ತರಗತಿಗೆ ಮೊದಲನೆಯದಾಗಿ ಬಂದರೆ, ಕನ್ನಡ ಕೂಟದ ವೇದಿಕೆಯ ಮೇಲೆ ಹಾರ ಹಾಕಿ ಅದರ ಸ್ಥೈರ್ಯವನ್ನು ಕೊಂಡಾಡುವುದು ನಮ್ಮ ಪದ್ಧತಿ. ಹಾರ ಹಾಕೋಣ, ಬೇಡವೆನ್ನುವುದಿಲ್ಲ. ಆದರೆ ಸಹಿಸುವ ಶಕ್ತಿಯನ್ನು ಎಷ್ಟು ಹೊಗಳಿದರೆ ಅಷ್ಟರಮಟ್ಟಿಗೆ, ಸಹಿಸಬೇಕಾಗಿ ಬಂದ ಕಾರಣವನ್ನು ಪ್ರಶ್ನಿಸುವ ಹೊಣೆಯಿಂದ ನಾವು ಜಾರಿಕೊಳ್ಳುತ್ತೇವೆ. ಮತ್ತು ವೇದಿಕೆಯನ್ನು ಏರದ ಮಗು, ಅಂದರೆ ಹೇಗಿದ್ದರೂ ಹೋಗಲೇಬೇಕಲ್ಲ ಎಂದು ಹನ್ನೊಂದನೆಯ ತರಗತಿಯಲ್ಲಿಯೇ ಉತ್ಸಾಹವನ್ನು ಕಳೆದುಕೊಂಡ ಮಗು, ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ತಾಯಿತಂದೆಯರು ಭಯದಿಂದಲೂ ಸಂಕೋಚದಿಂದಲೂ ಮುಚ್ಚಿಟ್ಟ ಸಂಗತಿಯನ್ನು ಅದು ಕಾಲೇಜಿನ ಅರ್ಜಿಯ ಒಂದು ಅಂಕಣದಲ್ಲಿ ಓದಿ ತಿಳಿಯುವುದಕ್ಕಿಂತ, ಹದಿಮೂರು ಹದಿನಾಲ್ಕರಲ್ಲಿಯೇ ಮನೆಯವರ ಬಾಯಿಂದ ಕೇಳಿ ತಿಳಿಯುವುದು ಸಾವಿರ ಪಾಲು ಲೇಸು.

ಇನ್ನೊಂದು ಮಾತನ್ನು ನಮ್ಮವರಿಗೆ ಅಪ್ರಿಯವಾದರೂ ಹೇಳಬೇಕಾಗಿದೆ. ನಾವು ಕ್ರಮವಾಗಿ ಸರದಿಯಲ್ಲಿ ಬಂದವರು, ಅವರು ಹಾಗಲ್ಲ, ಎಂದು ನೆರೆಯ ಬೀದಿಯ ಹೊಂಡುರಾಸಿನ ಕುಟುಂಬದಿಂದ ನಮ್ಮನ್ನು ಬೇರ್ಪಡಿಸಿಕೊಳ್ಳುವ ಅಭ್ಯಾಸವು ನಮ್ಮಲ್ಲಿ ಬೇರೂರುತ್ತಿದೆ. ಶಾಲೆ, ಆಸ್ಪತ್ರೆ, ದೇವಾಲಯಗಳಲ್ಲಿ ವಲಸೆಯ ಅಧಿಕಾರಿಗಳು ಸಾಮಾನ್ಯವಾಗಿ ಬಂಧನ ಮಾಡಬಾರದೆಂದು 2011ರಿಂದ ನಡೆದುಬಂದಿದ್ದ ಕಟ್ಟಳೆಯನ್ನು 2025ರ ಜನವರಿಯಲ್ಲಿ ತೆಗೆದುಹಾಕಿದಾಗ, ಬೆಳಗಿನ ಶಾಲಾಬಸ್ಸಿಗೆ ಮಗುವನ್ನು ಹತ್ತಿಸಲು ಹೆದರಿದ ತಾಯಿಗೂ ಏಜ್ ಔಟ್ ಆಗಲಿರುವ ಮಗಳ ತಾಯಿಗೂ ಇದ್ದ ಆತಂಕದ ಪ್ರಮಾಣ ಬೇರೆಯಿದ್ದೀತು, ಮೂಲ ಒಂದೇ. ನಮ್ಮ ಕರ್ನಾಟಕದಲ್ಲಿಯೂ ರಾಯಚೂರು ಯಾದಗಿರಿಗಳಿಂದ ಬೆಂಗಳೂರಿಗೆ ಗುಳೆ ಬಂದ ಕೂಲಿಕಾರರ ಮಕ್ಕಳು ಟೆಂಟ್ ಶಾಲೆಗಳಲ್ಲಿ ಅಕ್ಷರ ಕಲಿಯುವುದನ್ನು ಬಲ್ಲವರು, ವರ್ಗಾವಣೆಯ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಏಕೆ ಬರೆದಿಟ್ಟಿತೆಂಬುದನ್ನೂ ಬಲ್ಲರು.

ಅರ್ಜಿ ಸಲ್ಲಿಸಿದ ದಿನದ ವಯಸ್ಸನ್ನೇ ಮಗುವಿನ ವಯಸ್ಸೆಂದು ಗಣಿಸಬೇಕು, ಇಲ್ಲಿಯೇ ಬೆಳೆದು ಉನ್ನತ ಶಿಕ್ಷಣವನ್ನು ಮುಗಿಸಿದವರಿಗೆ ಶಾಶ್ವತ ನಿವಾಸದ ದಾರಿ ತೆರೆಯಬೇಕು ಎಂಬ ಮಸೂದೆಯೊಂದು ಅಮೆರಿಕಾಸ್ ಚಿಲ್ಡ್ರನ್ ಆ್ಯಕ್ಟ್ ಎಂಬ ಹೆಸರಿನಲ್ಲಿ 2021ರಲ್ಲಿಯೂ 2023ರಲ್ಲಿಯೂ ಕಾಂಗ್ರೆಸ್ಸಿನ ಮುಂದೆ ಬಂದಿತು, ಎರಡು ಪಕ್ಷಗಳವರೂ ಬೆಂಬಲಿಸಿದರು, ಶಾಸನವಾಗಲಿಲ್ಲ. ಈ ಸಭೆಯಲ್ಲಿ ಪೌರತ್ವ ಪಡೆದು ಮತದಾನದ ಹಕ್ಕುಳ್ಳವರು, ಅದರಲ್ಲಿಯೂ ತಮ್ಮ ಮಕ್ಕಳು ಇಲ್ಲಿಯೇ ಹುಟ್ಟಿದ ಕಾರಣ ಈ ಚಿಂತೆ ತಮಗಿಲ್ಲವೆಂದು ನೆಮ್ಮದಿಯಾಗಿರುವವರು, ತಮ್ಮ ಪ್ರತಿನಿಧಿಗೆ ಈ ವಾರವೇ ಪತ್ರ ಬರೆಯಬೇಕೆಂದು ಬೇಡುತ್ತೇನೆ. ಕೂಟದ ಪದಾಧಿಕಾರಿಗಳಲ್ಲಿಯೂ ಒಂದು ವಿಜ್ಞಾಪನೆಯುಂಟು: ವಾರಾಂತ್ಯದ ಕನ್ನಡ ತರಗತಿ ಮುಗಿದ ಮೇಲೆ ಒಂದು ಗಂಟೆಯ ಕಾಲ ಅದೇ ಕೊಠಡಿಯನ್ನು ತೆರೆದಿಟ್ಟು, ವಲಸೆಯ ಕಾನೂನನ್ನು ಬಲ್ಲ ಒಬ್ಬ ವಕೀಲರನ್ನೂ ಶಾಲೆಯ ಒಬ್ಬ ಸಲಹೆಗಾರರನ್ನೂ ಕರೆಸಿ, ಹದಿನಾಲ್ಕು ದಾಟಿದ ಮಕ್ಕಳನ್ನು ತಾಯಿತಂದೆಯರೊಡನೆ ಕೂರಿಸುವ ಏರ್ಪಾಡನ್ನು ಬರುವ ಸೆಪ್ಟೆಂಬರಿನಿಂದ ಆರಂಭಿಸಬೇಕು; ನೆರೆಯ ಬೀದಿಯ ಮಕ್ಕಳು ಬಂದರೆ ಅವರಿಗೂ ಅಲ್ಲಿ ಆಸನವಿರಬೇಕು.