ಆಪ್ಟಿಮಸ್ ಪ್ರೈಮ್‌ಗೂ ಅಡಿಕೆ ಖೇಣಿಗೂ ಏನು ಸಂಬಂಧ?

ಕತ್ತಲಗೆರೆಯಿಂದ ಮಾತಾಡ್ತಾ ಇದ್ದೀನಿ. ನಡುವೆ ಹಕ್ಕಿ ಸದ್ದು, ಮೋಟರ್ ಸದ್ದು ಕೇಳಿಸಿದ್ರೆ ಸಹಿಸ್ಕೊಳ್ಳಿ, ರೂಮು ತೋಟದ ಪಕ್ಕದಲ್ಲೇ ಇದೆ.

ಇವತ್ತು ಒಂದು ಹಳೇ ಆಟದ ವಿಷಯ. ‘ಟ್ರಾನ್ಸ್‌ಫಾರ್ಮರ್ಸ್: ವಾರ್ ಫಾರ್ ಸೈಬರ್‌ಟ್ರಾನ್’. 2010ರ ಜೂನ್‌ನಲ್ಲಿ ಬಂತು. ಮಾಡಿದ್ದು ಹೈ ಮೂನ್ ಸ್ಟುಡಿಯೋಸ್, ಮಾರುಕಟ್ಟೆಗೆ ತಂದಿದ್ದು ಆಕ್ಟಿವಿಷನ್. ಇವತ್ತು ಕೈಯಲ್ಲಿ ದುಡ್ಡು ಹಿಡ್ಕೊಂಡು ನಿಂತ್ರೂ ಸ್ಟೀಮ್‌ನಲ್ಲಿ ಇದನ್ನ ಕೊಳ್ಳೋಕೆ ಆಗಲ್ಲ.

ಬಿಜಿಎಂಐ ಆಡೋರಿಗೆ ಥರ್ಡ್ ಪರ್ಸನ್ ಶೂಟರ್ ಅಂದ್ರೆ ಏನು ಅಂತ ಹೇಳಬೇಕಿಲ್ಲ. ಕ್ಯಾಮೆರಾ ನಿಮ್ಮ ಪಾತ್ರದ ಬೆನ್ನ ಹಿಂದೆ ಇರುತ್ತೆ. ಇಲ್ಲಿ ಆ ಪಾತ್ರ ಒಂದು ರೋಬೋ. ಒಂದು ಬಟನ್ ಒತ್ತಿದ್ರೆ ಓಡ್ತಾ ಓಡ್ತಾನೇ ಲಾರಿ ಆಗುತ್ತೆ, ಟ್ಯಾಂಕ್ ಆಗುತ್ತೆ, ಜೆಟ್ ಆಗುತ್ತೆ. ಗಾಡಿ ಆದಮೇಲೂ ನೆಲ ಮುಟ್ಟದೆ ತೇಲ್ತಾ ಅಕ್ಕಪಕ್ಕ ಜಾರಬಹುದು, ವೇಗ ಬೇಕು ಅಂದಾಗಷ್ಟೇ ಚಕ್ರ ನೆಲಕ್ಕೆ. ಹತ್ತು ನಿಮಿಷ ಆಡಿದ್ರೆ ಬೆರಳಿಗೆ ಅಭ್ಯಾಸ ಆಗಿಬಿಡುತ್ತೆ, ಆಮೇಲೆ ಬರೀ ಕಾಲಲ್ಲಿ ಓಡೋ ಆಟಗಳು ಸಪ್ಪೆ ಅನ್ಸುತ್ತೆ.

ಸಿನಿಮಾ ಹೆಸರಲ್ಲಿ ಬರೋ ಆಟಗಳು ಹೆಚ್ಚಾಗಿ ಅವಸರದ ಅಡುಗೆ. ಇದು ಸಿನಿಮಾ ಕಥೆ ಅಲ್ಲ, ರೋಬೋಗಳು ಭೂಮಿಗೆ ಬರೋ ಮುಂಚಿನ ಅವರದೇ ಗ್ರಹದ ಯುದ್ಧ. ಹತ್ತು ಅಧ್ಯಾಯ. ಕಥೆಯ ಮೊದಲ ಐದು ಖಳನಾಯಕ ಮೆಗಾಟ್ರಾನ್ ಕಡೆಯಿಂದ, ಆಮೇಲಿನ ಐದು ಆಪ್ಟಿಮಸ್ ಕಡೆಯಿಂದ. ಬಯಲಾಟದಲ್ಲಿ ದುರ್ಯೋಧನ ರಂಗಕ್ಕೆ ಬಂದಾಗ ಜನ ನೆಟ್ಟಗೆ ಕೂರ್ತಾರಲ್ಲ, ಆ ಥರ ಮೊದಲ ಅರ್ಧ. ಆಪ್ಟಿಮಸ್‌ಗೆ ದನಿ ಕೊಟ್ಟಿದ್ದು ಪೀಟರ್ ಕಲನ್, 1984ರ ಕಾರ್ಟೂನ್‌ನಲ್ಲೂ ಅವರದೇ ದನಿ. 2012ರಲ್ಲಿ ಮುಂದಿನ ಭಾಗ ‘ಫಾಲ್ ಆಫ್ ಸೈಬರ್‌ಟ್ರಾನ್’ ಬಂತು. ಅದು ಇನ್ನೂ ಚೆನ್ನಾಗಿದೆ ಅನ್ನೋರಿದ್ದಾರೆ. ನನ್ನ ಓಟು ಮೊದಲನೇದಕ್ಕೆ.

ಯೂಟ್ಯೂಬ್‌ನಲ್ಲಿ ಇದನ್ನ ನೋಡಿದ ನಮ್ಮೂರ ಪಿಯುಸಿ ಹುಡುಗ ಒಬ್ಬ ಕೇಳ್ದ, "ಅಣ್ಣ, ಆಟ ಚೆನ್ನಾಗಿದ್ರೆ ಯಾಕೆ ತೆಗೆದ್ರು? ಮಾರಿದ್ರೆ ಅವ್ರಿಗೇ ದುಡ್ಡಲ್ವಾ?" ಲೈಸೆನ್ಸ್ ಅಂದೆ. ಅವನ ಮುಖ ನೋಡಿದ್ರೆ ಏನೂ ಅರ್ಥ ಆಗಿರ್ಲಿಲ್ಲ. ಬಿಕಾಂ ಓದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಗ್ಲಿ ಅಂತ ತೋಟದ ಲೆಕ್ಕದಲ್ಲೇ ಹೇಳ್ದೆ.

ನಮ್ಮ ಚನ್ನಗಿರಿ ಕಡೆ ಅಡಿಕೆ ಖೇಣಿ ಗೊತ್ತಲ್ಲ, ಕೆಲವರು ಚೇಣಿ ಅಂತಾರೆ. ತೋಟ ಯಜಮಾನರದ್ದು. ಖೇಣಿದಾರ ಆ ವರ್ಷದ ಫಸಲು ಹಿಡೀತಾನೆ. ಆಳು ಇಟ್ಟು ಕೊಯ್ತಾನೆ, ಸುಲಿಸ್ತಾನೆ, ಬೇಯಿಸ್ತಾನೆ, ಒಣಗಿಸ್ತಾನೆ. ಮರ ಮಾತ್ರ ಅವನದಲ್ಲ. ಇಲ್ಲಿ ತೋಟ ಅಂದ್ರೆ ಟ್ರಾನ್ಸ್‌ಫಾರ್ಮರ್ಸ್ ಅನ್ನೋ ಹೆಸರು, ಆ ಪಾತ್ರಗಳು. ಯಜಮಾನ ಹ್ಯಾಸ್ಬ್ರೊ ಅನ್ನೋ ಆಟಿಕೆ ಕಂಪನಿ. ಖೇಣಿ ಹಿಡಿದಿದ್ದು ಆಕ್ಟಿವಿಷನ್. 2018 ಶುರುವಾಗೋ ಹೊತ್ತಿಗೆ ಆ ಖೇಣಿ ಮುಗೀತು, ಆಕ್ಟಿವಿಷನ್ ತಂದಿದ್ದ ಟ್ರಾನ್ಸ್‌ಫಾರ್ಮರ್ಸ್ ಆಟಗಳು ಆನ್‌ಲೈನ್ ಅಂಗಡಿಗಳಿಂದ ಮಾಯ.

ಆದ್ರೆ ಒಂದು ವ್ಯತ್ಯಾಸ ಇದೆ, ನನಗೆ ಸಿಟ್ಟು ಬರೋದೇ ಅಲ್ಲಿ. ಖೇಣಿ ಮುಗಿದ್ರೂ, ಬೇಯಿಸಿ ಒಣಗಿಸಿ ಗೋಡೌನ್‌ನಲ್ಲಿಟ್ಟ ಅಡಿಕೆ ಖೇಣಿದಾರನದೇ. ರೇಟು ಬಂದಾಗ ಮಾರ್ತಾನೆ, ಯಾರೂ ಕೇಳೋ ಹಾಗಿಲ್ಲ. ಆಟದ ಲೈಸೆನ್ಸ್‌ನಲ್ಲಿ ಹಾಗಲ್ಲ. ಎಷ್ಟೋ ಜನ ವರ್ಷಗಟ್ಟಲೆ ಕೂತು ಮಾಡಿ ಮುಗಿಸಿದ ಸರಕನ್ನೂ ಮಾರೋ ಹಾಗಿಲ್ಲ. ಹೆಸರಿನ ಯಜಮಾನ ಬೇರೆ, ಕೋಡ್ ಇರೋದು ಬೇರೆಯವರ ಹತ್ರ. ಇಬ್ಬರೂ ಒಪ್ಪೋವರೆಗೆ ಆಟ ಕತ್ತಲಲ್ಲಿ.

2023ರಲ್ಲಿ ಇನ್ನೊಂದು ತಮಾಷೆ ಆಯ್ತು. ಈ ಆಟಗಳ ಫೈಲ್‌ಗಳು ಯಾವ ಹಾರ್ಡ್ ಡಿಸ್ಕ್‌ನಲ್ಲಿವೆ ಅಂತ ಆಕ್ಟಿವಿಷನ್‌ನವರಿಗೇ ಗೊತ್ತಿಲ್ಲ ಅನ್ನೋ ಮಾತು ಹ್ಯಾಸ್ಬ್ರೊ ಕಡೆಯಿಂದ ಬಂತು. ಸುದ್ದಿ ಹಬ್ಬಿದ ಮೇಲೆ ಆಟಗಳು ಕಳೆದಿಲ್ಲ, ಇವೆ ಅಂತ ಸ್ಪಷ್ಟನೆ. ಹ್ಯಾಸ್ಬ್ರೊ ಕ್ಷಮೆ ಕೇಳ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಇಡೀ ಆಕ್ಟಿವಿಷನ್‌ನೇ ಕೊಂಡುಕೊಳ್ತು.

ನಾವು ಆಡೋ ಜನ ಈ ಲೆಕ್ಕದಲ್ಲಿ ಎಲ್ಲಿದ್ದೀವಿ? ಮುಂಚೆನೇ ಸ್ಟೀಮ್‌ನಲ್ಲಿ ಕೊಂಡೋರು ಈಗಲೂ ಡೌನ್‌ಲೋಡ್ ಮಾಡ್ಕೋಬಹುದು, ಅಷ್ಟರ ಮಟ್ಟಿಗೆ ನ್ಯಾಯ ಇದೆ. ಆದ್ರೆ ಸ್ಟೀಮ್ ಒಪ್ಪಂದ ಓದಿ ನೋಡಿ, ನಿಮಗೆ ಸಿಗೋದು ಲೈಸೆನ್ಸ್, ಮಾಲು ಅಲ್ಲ. ಯೂಬಿಸಾಫ್ಟ್‌ನ ‘ದಿ ಕ್ರೂ’ ಕೊಂಡೋರಿಗೆ ಇದು 2024ರ ಮಾರ್ಚ್ 31ಕ್ಕೆ ಗೊತ್ತಾಯ್ತು. ಸರ್ವರ್ ನಿಂತ್ತು, ದುಡ್ಡು ಕೊಟ್ಟೋರಿಗೂ ಆಟ ಇಲ್ಲ. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನು ಮಾಡಿದ್ರು: ಡಿಜಿಟಲ್ ಅಂಗಡಿ ಬರೀ ಲೈಸೆನ್ಸ್ ಕೊಡೋದಾದ್ರೆ, ಅದನ್ನ ಸ್ಪಷ್ಟವಾಗಿ ಹೇಳದೆ ‘ಕೊಳ್ಳಿ’ ಅನ್ನೋ ಪದ ಬಳಸೋ ಹಾಗಿಲ್ಲ.

ನಮಗೂ ಇದರ ರುಚಿ ಗೊತ್ತು. 2020ರ ಸೆಪ್ಟೆಂಬರ್ 2ಕ್ಕೆ ಪಬ್ಜಿ ಮೊಬೈಲ್ ನಿಷೇಧ, 2022ರ ಜುಲೈನಲ್ಲಿ ಬಿಜಿಎಂಐ ಪ್ಲೇ ಸ್ಟೋರ್‌ನಿಂದ ಮಾಯ, 2023ರ ಮೇನಲ್ಲಿ ವಾಪಸ್. ಅದು ಸರ್ಕಾರದ ಆದೇಶ, ಕಾರಣ ಬೇರೆ. ಆದ್ರೆ ಯೂಸಿ ಹಾಕಿ ಗನ್ ಸ್ಕಿನ್ ತಗೊಂಡಿದ್ದ ಹುಡುಗರ ಪಾಡು ನೋಡಿ: ದುಡ್ಡು ಹೋಗಿತ್ತು, ಸ್ಕಿನ್ ಯಾರದು ಅಂದ್ರೆ ಉತ್ತರ ಇಲ್ಲ.

ವಾರ್ ಫಾರ್ ಸೈಬರ್‌ಟ್ರಾನ್ ಆಡಲೇಬೇಕು ಅನ್ನೋರಿಗೆ ದಾರಿ ಒಂದೇ, ಸೆಕೆಂಡ್ ಹ್ಯಾಂಡ್ ಡಿಸ್ಕ್. ಪಿಎಸ್3 ಡಿಸ್ಕ್ ಪಿಎಸ್4, ಪಿಎಸ್5ರಲ್ಲಿ ಓಡಲ್ಲ, ಹಳೇ ಪಿಎಸ್3ಯೇ ಬೇಕು. ತಗೊಳ್ಳೋ ಮುಂಚೆ ಡಿಸ್ಕ್ ತಿರುಗಿಸಿ ಗೀರು ಬಿದ್ದಿದೆಯಾ ನೋಡಿ. ಆಡಿ ಮುಗಿದ ಮೇಲೆ ಗೆಳೆಯನಿಗೆ ಕೊಡಬಹುದು, ಮಾರಬಹುದು, ಯಾರನ್ನೂ ಕೇಳೋದು ಬೇಡ.