ಐವತ್ತು ಕಿಲೋಮೀಟರ್ ಗುಡ್ಡದ ಓಟ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವ ನನಗೆ ಕಂಪ್ಯೂಟರ್ ಬಗ್ಗೆ ಮಾತನಾಡಲು ಹೇಳಿದ್ದರು. ಅದನ್ನು ಮಕ್ಕಳು ಮೊಬೈಲಿನಲ್ಲಿ ನನಗಿಂತ ಚೆನ್ನಾಗಿ ತಿಳಿಯುತ್ತಾರೆ. ಅದಕ್ಕೇ ಇವತ್ತು ಓಟದ ಬಗ್ಗೆ ಮಾತನಾಡುತ್ತೇನೆ.

ನಮ್ಮ ಕಡೆ ಓಟ ಅಂದರೆ ಪೊಲೀಸ್ ಭರ್ತಿ. ಕುಷ್ಟಗಿ ರಸ್ತೆಯಲ್ಲಿ ನಸುಕಿನಲ್ಲಿ ಹುಡುಗರು ಓಡುವುದನ್ನು ನೀವೆಲ್ಲ ನೋಡಿದ್ದೀರಿ. 1600 ಮೀಟರ್, ಆರೂವರೆ ನಿಮಿಷ. ನಾನು ಹೇಳುವ ಓಟದಲ್ಲಿ ಅಂಥ ಅವಸರವಿಲ್ಲ. ಮ್ಯಾರಥಾನ್ ಅಂದರೆ 42.195 ಕಿ.ಮೀ.; ಅದಕ್ಕಿಂತ ದೂರದ್ದೆಲ್ಲ ಅಲ್ಟ್ರಾ. ಡಾಂಬರು ಬಿಟ್ಟು ಕಾಡು, ಗುಡ್ಡ, ಹಳ್ಳ ಹಾದು ಓಡಿದರೆ ಅದು ಟ್ರೇಲ್. 2003ರಿಂದ ಫ್ರಾನ್ಸಿನ ಶಾಮೊನಿಯಲ್ಲಿ ಶುರುವಾಗಿ, ಇಟಲಿ, ಸ್ವಿಟ್ಜರ್ಲೆಂಡ್ ಹಾದು, ಮೌಂಟ್ ಬ್ಲಾಂಕ್ ಪರ್ವತ ಸುತ್ತಿ ಬರುವ ಸುಮಾರು 170 ಕಿ.ಮೀ. ಓಟವಿದೆ. ನಮ್ಮ ರಾಜ್ಯದಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾ ಇದೆ. ಅದರಲ್ಲಿ ನಾನು 50 ಕಿ.ಮೀ. ಓಡಿದ್ದೇನೆ.

ಓಡಿದ್ದೇನೆ ಎಂದರೆ ಅರ್ಧ ನಡೆದಿದ್ದೇನೆ. ಏರು ಬಂದಾಗ ಬಹುತೇಕ ಎಲ್ಲರೂ ನಡೆಯುತ್ತಾರೆ. ಅದು ನಾಚಿಕೆಯಲ್ಲ, ಲೆಕ್ಕ. ಏರಿನಲ್ಲಿ ಓಡಿ ಉಳಿಸುವುದು ಎರಡು ನಿಮಿಷ, ಆಮೇಲೆ ಕಳೆಯುವುದು ಅರ್ಧ ತಾಸು. ನಿಜವಾದ ಕಷ್ಟ ಇಳುಕಲಿನಲ್ಲಿದೆ. ಪ್ರತಿ ಹೆಜ್ಜೆಗೂ ತೊಡೆ ಬ್ರೇಕ್ ಹಿಡಿಯಬೇಕು. ಮೂವತ್ತು ಕಿ.ಮೀ. ದಾಟಿದ ಮೇಲೆ ಇಳಿಯುವಾಗ ಕಣ್ಣಲ್ಲಿ ನೀರು ಬರುತ್ತದೆ. ಅಭ್ಯಾಸಕ್ಕೆಂದು ರಜೆಯಲ್ಲಿ ಊರಿಗೆ ಬಂದಾಗ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಪೂಜಾ ಸಾಮಾನು ಮಾರುವ ಅಜ್ಜಿಯೊಬ್ಬಳು ಮೂರನೇ ಸಲ ನೋಡಿ, 'ಅದೇನು ಹರಕಿ ಹೊತ್ತೀಯಪ್ಪಾ' ಎಂದು ಕೇಳಿದಳು. ಆದರೆ ನಮ್ಮ ಬಂಡೆ ಒಣಗಿರುತ್ತದೆ, ಕಾಲು ಹಿಡಿಯುತ್ತದೆ. ಮಲೆನಾಡಿನದು ಅಕ್ಟೋಬರಿನಲ್ಲೂ ಜಾರುವ ಮಣ್ಣು; ಮೇಲೆ ಇಂಬಳ ಬೇರೆ. ಮಳೆಗಾಲದಲ್ಲಿ ಯಲಬುರ್ಗಾ ಕಡೆಯ ಎರೆ ಹೊಲದಲ್ಲಿ ಕಾಲಿಗೆ ಎರಡು ಕಿಲೋ ಮಣ್ಣು ಹೊತ್ತು ನಡೆದವನಿಗೆ ಆ ಕೆಸರು ದೊಡ್ಡದೆನಿಸಲಿಲ್ಲ. ಬೆಂಗಳೂರಿನ ಗೆಳೆಯರು ಮಾತ್ರ ಬಹಳ ಸಲ ಬಿದ್ದರು.

ಇಷ್ಟು ದೂರ ಓಡಲು ಕಾಲಿಗಿಂತ ಹೊಟ್ಟೆ ಗಟ್ಟಿ ಇರಬೇಕು. ಬೆವರಿನ ಜೊತೆ ಉಪ್ಪು ಹೋಗುತ್ತದೆ. ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ತಿರುಗಿ ಬೀಳುತ್ತಾರೆ, ಪ್ರಾಣಕ್ಕೂ ಅಪಾಯ. ಅದಕ್ಕೇ ದಾರಿಯಲ್ಲಿ ಅಲ್ಲಲ್ಲಿ ಏಡ್ ಸ್ಟೇಷನ್ ಇರುತ್ತವೆ. ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಚ್ಚಿ ಕೊಡುತ್ತಾರೆ, ಬಾಳೆಹಣ್ಣು, ನೀರು ಕೊಡುತ್ತಾರೆ, ಮುಖ ನೋಡಿ 'ಆರಾಮ ಇದ್ದೀರಾ' ಎಂದು ಕೇಳುತ್ತಾರೆ. ಇದನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಯುಗಾದಿ ಮುಂದೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರಿಗೆ ನಮ್ಮ ಹಳ್ಳಿಗಳಲ್ಲಿ ಮಾಡುವುದು ಇದನ್ನೇ ಅಲ್ಲವೇ? ಅಲ್ಲಿ ಮಜ್ಜಿಗೆ, ರೊಟ್ಟಿ, ಕಾಲಿಗೆ ಎಣ್ಣೆ. ಬರಿಗಾಲಿನಲ್ಲಿ ನೂರಾರು ಕಿ.ಮೀ. ನಡೆಯುವ ಆ ಜನಕ್ಕೆ ಯಾರೂ ಪದಕ ಕೊಡುವುದಿಲ್ಲ.

ಆ ನಿಲ್ದಾಣಗಳು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತದಲ್ಲಿ 100 ಕಿ.ಮೀ. ಗುಡ್ಡದ ಓಟ ನಡೆದಿತ್ತು. ಇದ್ದಕ್ಕಿದ್ದಂತೆ ಆಲಿಕಲ್ಲು ಮಳೆ, ಬಿರುಗಾಳಿ. ಗಾಳಿ ತಡೆಯುವ ಜಾಕೆಟ್ ಕಡ್ಡಾಯವಾಗಿರಲಿಲ್ಲ. 21 ಜನ ಓಟಗಾರರು ಚಳಿಗೆ ಸತ್ತರು. ಆ ದೇಶದ ಅತ್ಯುತ್ತಮ ಓಟಗಾರರೂ ಅವರಲ್ಲಿದ್ದರು. ಆರು ಜನರನ್ನು ಉಳಿಸಿದವನು ಝು ಕೆಮಿಂಗ್ ಎಂಬ ಕುರಿ ಕಾಯುವವ. ತಾನು ಆಶ್ರಯ ಪಡೆದಿದ್ದ ಗುಹೆಗೆ ಅವರನ್ನು ಕರೆತಂದು, ಬೆಂಕಿ ಹಾಕಿ, ಹೊದಿಸಿದ. ಹೆಗಲ ಮೇಲಿನ ಕಂಬಳಿ ಬಿಡದೆ ಗುಡ್ಡ ಹತ್ತುವ ನಮ್ಮ ಕುರಿಗಾಹಿಗಳಿಗೆ ಈ ಪಾಠ ಯಾರೂ ಹೇಳಬೇಕಾಗಿಲ್ಲ.

ಇನ್ನು, ನಾನು ಇದನ್ನೆಲ್ಲ ಇಲ್ಲಿ ಹೇಳುತ್ತಿರುವುದಕ್ಕೆ ಕಾರಣವಿದೆ. ಓಟದಲ್ಲಿ ಸುಮಾರು 38ನೇ ಕಿ.ಮೀ. ಹತ್ತಿರ ಒಂದು ತೋಟದ ಲೈನ್ ಮನೆಗಳ ಮುಂದೆ ಹಾದು ಹೋಗುತ್ತಿದ್ದೆ. ಕೊಡ ಹಿಡಿದು ನಿಂತಿದ್ದ ಹೆಣ್ಣುಮಗಳೊಬ್ಬಳು ಕೇಳಿದಳು:

'ಯಾಕ್ರೀ ಹಿಂಗ ಓಡಾಕತ್ತೀರಿ? ಏನರ ಬೆನ್ನು ಹತ್ತೈತೇನು?'

ಆ ಕಾಡಿನಲ್ಲಿ ನಮ್ಮ ಮಾತು! ನಿಂತುಬಿಟ್ಟೆ.

'ಏನೂ ಹತ್ತಿಲ್ಲಬೇ ಯವ್ವಾ, ಸುಮ್ನ ಓಡಾಕತ್ತೀವಿ.'

'ರೊಕ್ಕ ಕೊಡ್ತಾರೇನು?'

'ಇಲ್ಲ, ನಾವ ಕೊಟ್ಟು ಓಡಬೇಕು.'

ಅವಳು ನಕ್ಕು ನಕ್ಕು ಕೊಡ ಕೆಳಗಿಟ್ಟಳು. ಕುಷ್ಟಗಿ ತಾಲೂಕಿನವಳು. ಮಳೆ ಕೈಕೊಟ್ಟ ವರ್ಷ ಗುಳೆ ಬಂದವರು ಅಲ್ಲೇ ಉಳಿದಿದ್ದರು. ಬಾಗಿಲಲ್ಲಿ ಹನ್ನೆರಡು ವರ್ಷದ ಮಗಳು ತಮ್ಮನನ್ನು ಎತ್ತಿಕೊಂಡು ನಿಂತಿದ್ದಳು. ಎಷ್ಟನೇ ಇಯತ್ತೆ ಎಂದು ಕೇಳಿದೆ. 'ಆರನೇತ್ತ ಇದ್ದೆ' ಎಂದಳು. ಇದ್ದೆ ಎಂದಳು, ಇದ್ದೇನೆ ಅನ್ನಲಿಲ್ಲ.

ಉಳಿದ ಹನ್ನೆರಡು ಕಿ.ಮೀ. ಕಾಲುನೋವು ನೆನಪಿಲ್ಲ. ನಮ್ಮ ಬ್ಯಾಚಿನ ಹುಡುಗನೊಬ್ಬ ನೆನಪಾಗುತ್ತಿದ್ದ. ತಾಲೂಕು ಕ್ರೀಡಾಕೂಟದಲ್ಲಿ 3000 ಮೀಟರ್ ಬರಿಗಾಲಲ್ಲಿ ಗೆದ್ದವನು; ನಾನು ಅವನ ಹಿಂದೆ ಅರ್ಧ ಸುತ್ತು. ಒಂಬತ್ತನೇ ತರಗತಿಯ ದೀಪಾವಳಿ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಮನೆಯವರೆಲ್ಲ ಮಂಗಳೂರು ಕಡೆ ಕಟ್ಟಡ ಕೆಲಸಕ್ಕೆ ಹೋಗಿದ್ದರು. ಇವತ್ತು ಅವನೂ ಬಂದಿದ್ದಾನೆ, ಹೆಸರು ಹೇಳಬೇಡ ಎಂದಿದ್ದಾನೆ. ನನ್ನ ಮೂರು ಸಾವಿರ ಚಿಲ್ಲರೆಯ ಪ್ರವೇಶ ಶುಲ್ಕ, ಹತ್ತು ಸಾವಿರದ ಬೂಟು ಅವನಿಗಿದ್ದಿದ್ದರೆ ನಾನು ಅರ್ಧ ಸುತ್ತಲ್ಲ, ಅರ್ಧ ದಿನ ಹಿಂದಿರುತ್ತಿದ್ದೆ.

ನಮ್ಮ ಬ್ಯಾಚಿನವರು ಒಂದು ವಿಚಾರ ಮಾಡಿದ್ದೇವೆ. ನವೆಂಬರಿನಿಂದ ಪರೀಕ್ಷೆ ಮುಗಿಯುವ ತನಕ, ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದಲು ಊಟ, ವಸತಿ. ಮೂರು ವರ್ಷದ ರೇಷನ್ನು ಮತ್ತು ಅಡುಗೆಯವರ ಪಗಾರ ನಾವು ಕೊಡುತ್ತೇವೆ. ಜಾಗವನ್ನು ಊರಿನ ಹಿರಿಯರು ತೋರಿಸಬೇಕು, ರಾತ್ರಿ ಹೆಣ್ಣುಮಕ್ಕಳ ಜೊತೆ ಇರಲು ತಾಯಂದಿರು ಮುಂದೆ ಬರಬೇಕು, ಇಲಾಖೆಯ ಒಪ್ಪಿಗೆಗೆ ಮುಖ್ಯೋಪಾಧ್ಯಾಯರು ಬರೆಯಬೇಕು. ಊಟದ ಪೆಂಡಾಲಿನ ಬಾಗಿಲಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಈ ಸಲ ದೀಪಾವಳಿ ನಂತರ ಗುಳೆ ಹೊರಡುವ ಮನೆಗಳವರು ಮಕ್ಕಳ ಹೆಸರು, ತರಗತಿ ಬರೆಸಿ ಊಟಕ್ಕೆ ಹೋಗಿರಿ. ಅದನ್ನು ಕಾಯುತ್ತಾ ಕುಳಿತಿರುವವನು ಆ 3000 ಮೀಟರಿನ ಹುಡುಗನೇ.